ಹೋಪಿ ಜನರ ಬೆಳ್ಳಿಯ ಕಸುಬು

ಒಡವೆಗಳನ್ನು ನೋಡಿದೊಡನೆ ಅವು ಯಾವ ಜನರವೆಂದು ಹೇಳಬಹುದೆಂಬ ಮಾತುಂಟು. ಆದರೆ 1930ರ ದಶಕದಲ್ಲಿ ಅಮೆರಿಕದ ಹೋಪಿ ಜನರ ಬೆಳ್ಳಿಯ ಒಡವೆಗಳನ್ನು ನೋಡಿ ಹಾಗೆ ಹೇಳುವುದು ಕಷ್ಟವಾಗಿತ್ತು.

ಹೋಪಿಗಳು ಅರಿಜೋನ ರಾಜ್ಯದ ಮೂಲನಿವಾಸಿಗಳು. ಒಣನೆಲದ ನಡುವೆ ಎದ್ದುನಿಂತ ಚಪ್ಪಟೆ ಬೆಟ್ಟಗಳ ಮೇಲೆ ಊರು ಕಟ್ಟಿಕೊಂಡು, ಮಳೆಯನ್ನೇ ನಂಬಿ ಮುಸುಕಿನ ಜೋಳ ಬೆಳೆದು ಬಾಳಿದವರು. ಬೆಳ್ಳಿಯ ಕೆಲಸವನ್ನು ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೆರೆಯ ಜೂನಿ ಜನರಿಂದ ಕಲಿತರು. ಆದುದರಿಂದ ಅವರ ಒಡವೆಗಳು ಜೂನಿ ಮತ್ತು ನವಾಹೋ ಜನರ ಒಡವೆಗಳನ್ನೇ ಹೋಲುತ್ತಿದ್ದವು. ತಮ್ಮದೇ ಆದ ಮಾದರಿಯನ್ನು ರೂಪಿಸಿಕೊಳ್ಳುವಂತೆ 1938ರಲ್ಲಿ ಉತ್ತರ ಅರಿಜೋನ ವಸ್ತುಸಂಗ್ರಹಾಲಯವು ಹೋಪಿ ಕಸುಬುದಾರರನ್ನು ಪ್ರೋತ್ಸಾಹಿಸಿತು. ಎರಡನೆಯ ಮಹಾಯುದ್ಧ ಬಂದುದರಿಂದ ಆ ಪ್ರಯತ್ನ ನಿಂತುಹೋಯಿತು.

ಯುದ್ಧದಿಂದ ಮರಳಿದ ತರುಣರಿಗೆ ಜೀವನೋಪಾಯ ಬೇಕಾಗಿತ್ತು. ದುಡಿಮೆಯನ್ನರಸಿ ಅವರೆಲ್ಲ ನಗರಗಳಿಗೆ ಹೊರಟರೆ ಊರಿನ ಹೊಲಗಳೂ ಹಬ್ಬಗಳೂ ಬರಿದಾಗುವಂತಿದ್ದವು. 1947ರಲ್ಲಿ ಸರ್ಕಾರದ ನೆರವಿನಿಂದ ಅವರಿಗಾಗಿ ಬೆಳ್ಳಿಕೆಲಸದ ತರಗತಿ ಆರಂಭವಾಯಿತು. ಅಲ್ಲಿನ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರಾಗಿದ್ದ ಫ್ರೆಡ್ ಕಬೋಟಿಯವರು ವಿನ್ಯಾಸವನ್ನು ಕಲಿಸಿದರು. ನುರಿತ ಅಕ್ಕಸಾಲಿಗರಾದ ಪಾಲ್ ಸೌಫ್ಕಿಯವರು ಕೈಕೆಲಸವನ್ನು ಕಲಿಸಿದರು. ಇಬ್ಬರೂ ಹೋಪಿಗಳೇ. ಪ್ರಾಚೀನ ಮಿಂಬ್ರೆಸ್ ಮಡಕೆಗಳ ಚಿತ್ರಗಳನ್ನು ಅಭ್ಯಾಸ ಮಾಡಿದ್ದ ಕಬೋಟಿಯವರಿಗೆ ಹಳೆಯ ರೇಖೆಗಳ ಬಲ ತಿಳಿದಿತ್ತು. ಮೋಡ, ಮಳೆ, ನೀರಿನ ಅಲೆ, ಕರಡಿಯ ಹೆಜ್ಜೆ ಮೊದಲಾದ ಆಕೃತಿಗಳು ಬೆಳ್ಳಿಗೆ ಇಳಿದವು.

ಈ ಒಡವೆಗೆ ಎರಡು ಬೆಳ್ಳಿಯ ತಗಡುಗಳು ಬೇಕು. ಮೇಲಿನ ತಗಡಿನ ಮೇಲೆ ಚಿತ್ರ ಬರೆದು, ಕೂದಲಿನಷ್ಟು ಸಣ್ಣ ಅಲಗಿನ ಗರಗಸದಿಂದ ಆ ಭಾಗವನ್ನು ಕೊರೆದು ತೆಗೆಯುತ್ತಾರೆ. ಬಳಿಕ ಅದನ್ನು ಕೆಳಗಿನ ತಗಡಿಗೆ ಬೆಸೆಯುತ್ತಾರೆ. ಬೆಸುಗೆಯ ಲೋಹವು ಬೆಳ್ಳಿಗಿಂತ ಮೊದಲೇ ಕರಗುತ್ತದೆ. ಆದರೂ ಕಾವು ಮಿತಿಮೀರಿದರೆ ತಗಡೇ ಕರಗಿ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಕೊನೆಗೆ ಗಂಧಕ ಬೆರೆತ ದ್ರಾವಣದಿಂದ ತಗ್ಗಿನ ಭಾಗವನ್ನು ಕಪ್ಪಾಗಿಸಿ, ಮೇಲ್ಮೈಗೆ ಒಪ್ಪವಿಡುತ್ತಾರೆ. ಬೆಳ್ಳಿಯ ಹೊಳಪಿನ ನಡುವೆ ಚಿತ್ರವು ಕಪ್ಪಾಗಿ ಎದ್ದು ಕಾಣುತ್ತದೆ. ಇದಕ್ಕೆ ರತ್ನಗಳ ಹಂಗಿಲ್ಲ; ರೇಖೆಯೇ ಇದರ ಬೆಲೆ. ಚಿತ್ರಕಲೆಯ ಗುರುವೊಬ್ಬರು ಒಡವೆಯ ಕಸುಬಿಗೆ ನೆರವಾದುದು ಹೀಗೆ.

1949ರಲ್ಲಿ ಹೋಪಿ ಕಸುಬುದಾರರು ಸಹಕಾರಿ ಸಂಘವೊಂದನ್ನು ಕಟ್ಟಿಕೊಂಡರು. ತರಬೇತಿ ಪಡೆದ ಹಲವರಿಗೆ ತಮ್ಮ ಊರಿನಲ್ಲಿಯೇ ಕುಳಿತು ದುಡಿಯುವ ದಾರಿ ತೆರೆಯಿತು. ಕಬೋಟಿಯವರು 1986ರಲ್ಲಿ ತೀರಿಕೊಂಡರು. ಅವರು ಕಲಿಸಿದ ಪದ್ಧತಿ ಇಂದಿಗೂ ಹೋಪಿ ಆಭರಣದ ಗುರುತಾಗಿ ಉಳಿದಿದೆ. ಕಸುಬನ್ನು ನೆರೆಯವರಿಂದ ಕಲಿಯುವುದರಲ್ಲಿ ಕುಂದೇನೂ ಇಲ್ಲ. ಕಲಿತ ಕೈಯಲ್ಲಿ ತನ್ನ ನೆಲದ ರೇಖೆ ಮೂಡಿದಾಗ ಆ ಕಸುಬು ತನ್ನದಾಗುತ್ತದೆ.