ಜೀವಾವಧಿ ಗ್ಯಾರಂಟಿ – ಯಾರ ಜೀವಾವಧಿ?

ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಂಘದ ಮಳಿಗೆಯಲ್ಲಿ ಪ್ರತಿ ವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ: “ಯಾವ ಕಂಪೆನಿಯ ಸ್ಪಾನರ್ ಸೆಟ್ಟು ಒಳ್ಳೆಯದು? ಯಾವುದಕ್ಕೆ ಗ್ಯಾರಂಟಿ ಇದೆ?” ಸದಸ್ಯ ಬಾಂಧವರು ಇದನ್ನು ಬರೀ ಕುತೂಹಲಕ್ಕಾಗಿ ಕೇಳುವುದಿಲ್ಲ. ಅರಾಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪರಿಗೆ ಹಾಕಬೇಕು. ಪಲ್ಪರಿನ ಬೋಲ್ಟು ಸಡಿಲವಾಗಿ, ಬಿಗಿ ಮಾಡಲು ಹೋದವನ ಕೈಯಲ್ಲಿ ಸ್ಪಾನರಿನ ಬಾಯಿ ಅಗಲವಾಯಿತೆಂದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಮೆಕ್ಯಾನಿಕ್ ಬರುವವರೆಗೆ ಹಣ್ಣಿನ ರಾಶಿ ಹಾಗೆಯೇ ಬಿಸಿಯೇರುತ್ತದೆ. ಅಡಿಕೆಯವರ ಪಾಡೂ ಬೇರೆಯಲ್ಲ. ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ ಔಷಧಿ ಹೊಡೆದು ಮುಗಿಸಬೇಕಾದಾಗ ಪಂಪು ನಿಂತರೆ ಕೊಳೆ ರೋಗ ನಮಗಾಗಿ ಕಾಯುವುದಿಲ್ಲ. ನೂರಾರು ರೂಪಾಯಿಯ ಉಪಕರಣವೊಂದು ಸಾವಿರಾರು ರೂಪಾಯಿಯ ಫಸಲನ್ನು ತಡೆಯಬಲ್ಲದು.

ಈ ಪ್ರಶ್ನೆಗೆ ಉತ್ತರ ಹೇಳಲು ನಮಗಿಂತ ಯೋಗ್ಯರು ಮೆಕ್ಯಾನಿಕ್‌ಗಳು. ದಿನವಿಡೀ ಸ್ಪಾನರ್ ಹಿಡಿದೇ ಹೊಟ್ಟೆ ಹೊರೆಯುವ ಅವರು ಬಣ್ಣದ ಡಬ್ಬಿಗೆ ಮರುಳಾಗುವವರಲ್ಲ. ಅವರು ಕೇಳುವುದು ಮೂರೇ ಪ್ರಶ್ನೆ: ಉಕ್ಕು ಹೇಗಿದೆ? ನಟ್ಟಿನ ಮೇಲೆ ಹೇಗೆ ಕೂರುತ್ತದೆ? ಮುರಿದರೆ ಯಾರು ಬದಲಾಯಿಸಿಕೊಡುತ್ತಾರೆ? ಈ ಮೂರನೆಯ ಪ್ರಶ್ನೆಯನ್ನು ನಾವು ಬೆಳೆಗಾರರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಕೇಳಿದರೂ “ಲೈಫ್‌ಟೈಮ್ ವಾರಂಟಿ” ಎಂಬ ಅಕ್ಷರಗಳನ್ನು ಓದಿ ಸಮಾಧಾನ ಪಡುತ್ತೇವೆ. ಈ ಲೇಖನದಲ್ಲಿ ಮುಖ್ಯವಾಗಿ ಅದನ್ನೇ ವಿಚಾರ ಮಾಡೋಣ.

ಉಕ್ಕು ಮತ್ತು ಹದ

ಒಳ್ಳೆಯ ಸ್ಪಾನರುಗಳನ್ನು ಹೆಚ್ಚಾಗಿ ಕ್ರೋಮ್ ವನೇಡಿಯಂ ಉಕ್ಕಿನಿಂದ ಮಾಡುತ್ತಾರೆ. ಕಾಯಿಸಿದ ಉಕ್ಕನ್ನು ಅಚ್ಚಿನಲ್ಲಿಟ್ಟು ಬಡಿದು ಆಕಾರ ಕೊಟ್ಟು, ಮತ್ತೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿಮಾಡಿ, ಅನಂತರ ಮಿತವಾದ ಶಾಖದಲ್ಲಿ ಹದ ಕೊಡುತ್ತಾರೆ. ಗುಟ್ಟೆಲ್ಲ ಇರುವುದು ಈ ಕೊನೆಯ ಹದದಲ್ಲಿ. ಹದ ಹೆಚ್ಚು ಗಟ್ಟಿಯಾದರೆ ಉಪಕರಣ ಗಾಜಿನಂತೆ ಸಿಡಿಯುತ್ತದೆ; ಮೆತ್ತಗಾದರೆ ಬಾಯಿ ಅಗಲವಾಗುತ್ತದೆ. ಎರಡು ಕಂಪೆನಿಗಳ ಸ್ಪಾನರಿನ ಮೇಲೂ ಕ್ರೋಮ್ ವನೇಡಿಯಂ ಎಂದು ಅಚ್ಚೊತ್ತಿರಬಹುದು. ಆದರೂ ಒಂದು ಇಪ್ಪತ್ತು ವರ್ಷ ಬಾಳಿ, ಇನ್ನೊಂದು ಎರಡೇ ಕೊಯ್ಲಿಗೆ ಮುಗಿಯಲು ಕಾರಣ ಈ ಹದದ ವ್ಯತ್ಯಾಸವೇ.

ಇದನ್ನು ಅಂಗಡಿಯಲ್ಲಿ ಕಣ್ಣಿನಿಂದ ನೋಡಿ ತಿಳಿಯಲಾಗದು. ಆದ್ದರಿಂದ ಐ.ಎಸ್.ಐ. ಗುರುತು ನೋಡಿ ಕೊಳ್ಳುವುದು ಲೇಸು. ಬಾಯಿ ತೆರೆದ ಸ್ಪಾನರಿಗೆ ಐ.ಎಸ್. 2028, ರಿಂಗ್ ಸ್ಪಾನರಿಗೆ ಐ.ಎಸ್. 2029, ಕಟಿಂಗ್ ಪ್ಲೇಯರಿಗೆ ಐ.ಎಸ್. 3650 ಎಂಬ ಮಾನಕಗಳಿವೆ. 1987ರಿಂದ ಈ ಕೆಲಸ ನೋಡಿಕೊಳ್ಳುತ್ತಿರುವ ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ, ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಹಾಕಿ ಅಸಲಿಯೋ ನಕಲಿಯೋ ಎಂದು ನೋಡಬಹುದು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಗೆ ಹೇಳಿದರಾಯಿತು.

ನಟ್ಟಿನ ಮೇಲೆ ಕೂರುವ ಬಗೆಯೂ ಅಷ್ಟೇ ಮುಖ್ಯ. ನಮ್ಮ ಹಳೆಯ ಪಲ್ಪರ್ ಮನೆಗಳಲ್ಲಿ ಬ್ರಿಟಿಷ್ ಯಂತ್ರಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ. ಅವುಗಳ ಬೋಲ್ಟುಗಳು ವಿಟ್‌ವರ್ತ್ ಅಳತೆಯವು. ವಿಟ್‌ವರ್ತ್ ಸ್ಪಾನರಿನ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ನಟ್ಟಿನ ಅಗಲವನ್ನಲ್ಲ. ಈಗಿನ ಪಂಪು, ಮೋಟಾರುಗಳದ್ದು ಮಿಲಿಮೀಟರ್ ಅಳತೆ. ಅರ್ಧ ಇಂಚು ಅಗಲದ ನಟ್ಟು 12.7 ಮಿ.ಮೀ.; ಅದಕ್ಕೆ 13 ಮಿ.ಮೀ. ಸ್ಪಾನರ್ ಹಾಕಿದರೆ ಕೂರುತ್ತದೆ, ಆದರೆ ಬಿಗಿಯಾದ ನಟ್ಟನ್ನು ತಿರುಗಿಸುವಾಗ ಮೂಲೆ ಸವೆಯುತ್ತದೆ. ಮುಕ್ಕಾಲು ಇಂಚಿಗೂ 19 ಮಿ.ಮೀ.ಗೂ ವ್ಯತ್ಯಾಸ ಕೂದಲೆಳೆಯಷ್ಟು, ಅಲ್ಲಿ ಭಯವಿಲ್ಲ. ಉಪಕರಣ ಕೆಟ್ಟಿತೆಂದು ದೂರುವ ಮೊದಲು ಅಳತೆ ಸರಿಯಾಗಿತ್ತೇ ಎಂದು ನೋಡಿಕೊಳ್ಳುವುದು ನ್ಯಾಯ.

ಅಮೆರಿಕದ ಒಂದು ಕಥೆ

ಗ್ಯಾರಂಟಿಯ ವಿಷಯದಲ್ಲಿ ಪ್ರಪಂಚದ ಮೆಕ್ಯಾನಿಕ್‌ಗಳೆಲ್ಲ ಉದಾಹರಿಸುವುದು ಅಮೆರಿಕದ ಅನುಭವವನ್ನು. ಅಲ್ಲಿ ಮೋಟಾರು ಗ್ಯಾರೇಜಿನಲ್ಲಿ ದುಡಿಯುವವನು ತನ್ನ ಉಪಕರಣಗಳನ್ನು ಸಾಮಾನ್ಯವಾಗಿ ತಾನೇ ಕೊಳ್ಳಬೇಕು. ಆದ್ದರಿಂದ ಈ ಚರ್ಚೆ ಅಲ್ಲಿ ಜೇಬಿನ ಚರ್ಚೆಯೂ ಹೌದು.

ಮಿಲ್ವಾಕೀ ನಗರದಲ್ಲಿ 1920ರಲ್ಲಿ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡ್‌ಮನ್ ಎಂಬಿಬ್ಬರು ಸ್ನ್ಯಾಪ್-ಆನ್ ಕಂಪೆನಿಯನ್ನು ಆರಂಭಿಸಿದರು. 5 ಹಿಡಿಗಳಿಗೆ 10 ಸಾಕೆಟ್‌ಗಳನ್ನು ಬದಲಾಯಿಸಿ ಹಾಕಿಕೊಂಡು 50 ಸ್ಪಾನರುಗಳ ಕೆಲಸ ಮಾಡಬಹುದೆಂಬುದು ಅವರ ಯುಕ್ತಿ. ಈ ಕಂಪೆನಿಯ ಹೆಚ್ಚುಗಾರಿಕೆ ಉಕ್ಕಿನದಷ್ಟೇ ಅಲ್ಲ, ವ್ಯಾಪಾರದ ರೀತಿಯದೂ ಹೌದು. ಇದರ ಏಜೆಂಟನ ವ್ಯಾನು ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ಮುರಿದದ್ದನ್ನು ಬದಲಾಯಿಸಿ, ಹೊಸದನ್ನು ಸಾಲವಾಗಿಯೂ ಕೊಡುತ್ತದೆ. ಬೆಲೆ ಮಾತ್ರ ಬಹಳ ದುಬಾರಿ. ಮೆಕ್ಯಾನಿಕ್‌ಗಳು ಹೇಳುವಂತೆ, ಅವರು ಆ ಹೆಚ್ಚಿನ ಹಣವನ್ನು ಉಕ್ಕಿಗೆ ಕೊಡುವುದಕ್ಕಿಂತ ವ್ಯಾನಿಗೆ ಕೊಡುತ್ತಾರೆ. ವ್ಯಾನು ಬಾರದ ಊರಿನಲ್ಲಿ ಆ ಗ್ಯಾರಂಟಿಯ ಬೆಲೆ ಇಳಿದುಹೋಗುತ್ತದೆ.

ಎರಡನೆಯ ದಾರಿ ಸಿಯರ್ಸ್ ಎಂಬ ಭಾರಿ ಅಂಗಡಿ ಸಂಸ್ಥೆಯದು. ಅದು 1927ರಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹೆಸರನ್ನು ನೋಂದಾಯಿಸಿ, ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿದ ಕೈ ಉಪಕರಣಗಳನ್ನು ಆ ಹೆಸರಿನಲ್ಲಿ ಮಾರಿತು. ಮುರಿದ ಸ್ಪಾನರನ್ನು ಯಾವುದೇ ಸಿಯರ್ಸ್ ಅಂಗಡಿಗೆ ಒಯ್ದರೆ, ರಸೀದಿ ಕೇಳದೆ ಹೊಸದನ್ನು ಕೊಡುವ ಪದ್ಧತಿ ಮನೆಮಾತಾಯಿತು. ಅಪ್ಪ ಕೊಂಡ ಸ್ಪಾನರನ್ನು ಮಗ ಬದಲಾಯಿಸಿಕೊಂಡ ಸಂಗತಿಗಳು ಅಲ್ಲಿ ಸಾಮಾನ್ಯ. ಈ ಗ್ಯಾರಂಟಿ ನಡೆದದ್ದು ಊರೂರಿನಲ್ಲಿ ಅಂಗಡಿ ಇದ್ದುದರಿಂದ.

ಕಾಲಕ್ರಮೇಣ ಸಿಯರ್ಸ್ ಇಳಿಮುಖವಾಯಿತು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 2017ರಲ್ಲಿ ಅದು ಕ್ರಾಫ್ಟ್ಸ್‌ಮನ್ ಹೆಸರನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿಗೆ ಮಾರಿತು. 2018ರ ಅಕ್ಟೋಬರಿನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಹೊಸ ಯಜಮಾನರು ಗ್ಯಾರಂಟಿಯನ್ನು ಕೈಬಿಡಲಿಲ್ಲ. ಬೇರೆ ಅಂಗಡಿಗಳಲ್ಲಿ ಬದಲಿ ಕೊಡುವ ಏರ್ಪಾಡು ಮಾಡಿದರು. ಆದರೆ ಹತ್ತಿರದ ಸಿಯರ್ಸ್ ಅಂಗಡಿ ಮುಚ್ಚಿದ ಊರಿನ ಮೆಕ್ಯಾನಿಕ್, ತನ್ನ ಮುರಿದ ಸಾಕೆಟ್ ಹಿಡಿದು ಎಲ್ಲಿಗೆ ಹೋಗಬೇಕೆಂದು ಹೊಸದಾಗಿ ಹುಡುಕಬೇಕಾಯಿತು. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಈ ಉಪಕರಣಗಳಿಗಾಗಿ ಕಟ್ಟಿದ ಕಾರ್ಖಾನೆಯನ್ನೂ ಮುಚ್ಚುವುದಾಗಿ ಕಂಪೆನಿ 2023ರಲ್ಲಿ ಪ್ರಕಟಿಸಿತು.

ಮೂರನೆಯದು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಹಾರ್ಬರ್ ಫ್ರೈಟ್ ಎಂಬ ಅಗ್ಗದ ಅಂಗಡಿ. ಬೆಲೆ ಕಡಿಮೆಯಾದರೂ ಕೈ ಉಪಕರಣಗಳಿಗೆ ಅದೂ ಜೀವಾವಧಿ ಗ್ಯಾರಂಟಿ ಕೊಡುತ್ತದೆ. ಅಂದಮೇಲೆ ದುಬಾರಿಯದಕ್ಕೆ ಮಾತ್ರ ಗ್ಯಾರಂಟಿ ಎಂಬ ಲೆಕ್ಕವೂ ಸರಿಯಲ್ಲ. ಗ್ಯಾರಂಟಿ ಇದ್ದ ಮಾತ್ರಕ್ಕೆ ಉಕ್ಕು ಉತ್ತಮ ಎಂಬ ಲೆಕ್ಕವೂ ಸರಿಯಲ್ಲ.

ಈ ಮೂರರಿಂದಲೂ ಹೊರಡುವ ನೀತಿ ಒಂದೇ. ಜೀವಾವಧಿ ಎಂದರೆ ಯಾರ ಜೀವಾವಧಿ? ಉಪಕರಣದ್ದೇ, ಕೊಂಡವನದ್ದೇ, ಮಾರಿದ ಕಂಪೆನಿಯದ್ದೇ? ಕಾಗದದಲ್ಲಿ ಏನೇ ಇರಲಿ, ವ್ಯವಹಾರದಲ್ಲಿ ಅದು ಬದಲಾಯಿಸಿಕೊಡುವ ಕೌಂಟರಿನ ಜೀವಾವಧಿ.

ನಮ್ಮಲ್ಲಿಯ ಪರಿಸ್ಥಿತಿ

ದೂರದ ಬೆಟ್ಟ ನುಣ್ಣಗೆ. ವಿದೇಶದ ಉಪಕರಣ ಉತ್ತಮವಿರಬಹುದು. 1919ರಲ್ಲಿ ರೆಮ್‌ಶೈಡ್‌ನಲ್ಲಿ ಆರಂಭವಾದ ಗೆಡೋರೆ, 1882ರಿಂದ ಇಕ್ಕಳಗಳಿಗೆ ಹೆಸರಾದ ಕ್ನಿಪೆಕ್ಸ್ ಮೊದಲಾದ ಜರ್ಮನ್ ಕಂಪೆನಿಗಳ ಕೆಲಸವನ್ನು ಮೆಕ್ಯಾನಿಕ್‌ಗಳು ಹೊಗಳುತ್ತಾರೆ. ಆದರೆ ಮಲೆನಾಡಿನ ಪೇಟೆಯಲ್ಲಿ ಅದು ಮುರಿದರೆ ಅಂಚೆಯಲ್ಲಿ ಯಾರಿಗೆ ಕಳಿಸಬೇಕು?

ನಮ್ಮ ದೇಶದಲ್ಲಿ ಪಂಜಾಬಿನ ಜಲಂಧರ ಮತ್ತು ಲೂಧಿಯಾನಗಳು ಕೈ ಉಪಕರಣಗಳ ದೊಡ್ಡ ಕೇಂದ್ರಗಳು. ಕೇಂದ್ರ ಸರಕಾರದ ಕೈ ಉಪಕರಣ ಸಂಸ್ಥೆ ಇರುವುದೂ ಜಲಂಧರದಲ್ಲಿಯೇ. ನಮ್ಮ ಮೆಕ್ಯಾನಿಕ್‌ಗಳ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ ಟಪಾರಿಯಾ ಕಂಪೆನಿ ಸ್ವೀಡನ್ನಿನ ತಾಂತ್ರಿಕ ಸಹಕಾರದೊಂದಿಗೆ 1969ರಲ್ಲಿ ತಯಾರಿಕೆ ಆರಂಭಿಸಿತು. ಇಂಥ ದೇಶೀ ಉಪಕರಣಗಳ ಲಾಭವೆಂದರೆ, ಒಂದು ಸ್ಪಾನರ್ ಕಳೆದರೆ ಇಡೀ ಸೆಟ್ಟು ಕೊಳ್ಳದೆ ಅದೇ ಅಳತೆಯದನ್ನು ಬಿಡಿಯಾಗಿ ಪೇಟೆಯಲ್ಲಿಯೇ ತರಬಹುದು.

ಹೀಗಾಗಿ ಬಿಡಿಭಾಗ ಸಿಗುವುದು ಗ್ಯಾರಂಟಿಗಿಂತ ದೊಡ್ಡ ಅನುಕೂಲ ಎಂಬುದು ನಮ್ಮ ಅಭಿಪ್ರಾಯ. ಗಿಡ ಕಸಿ ಮಾಡುವವರಿಗೆ ಸ್ವಿಟ್ಜರ್ಲೆಂಡಿನ ಫೆಲ್ಕೊ ಕತ್ತರಿಯ ಹೆಸರು ಗೊತ್ತಿರಬಹುದು. 1945ರಿಂದ ಬಂದಿರುವ ಈ ಕಂಪೆನಿಯ ಕತ್ತರಿ ಬಹುಕಾಲ ಬಾಳುವುದಕ್ಕೆ ಮುಖ್ಯ ಕಾರಣ, ಅಲಗು, ಸ್ಪ್ರಿಂಗು, ತಿರುಪು ಎಲ್ಲವನ್ನೂ ಬಿಡಿಯಾಗಿ ಬದಲಾಯಿಸಬಹುದಾದದ್ದು. ರ್ಯಾಚೆಟ್ ಕೊಳ್ಳುವಾಗ ಒಳಗಿನ ಹಲ್ಲಿನ ಕಿಟ್ ಸಿಗುತ್ತದೆಯೇ, ಪೈಪ್ ರೆಂಚ್ ಕೊಳ್ಳುವಾಗ ದವಡೆ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ ನೋಡಿ. ಉತ್ತರ ಕೊಡಲಾಗದ ಅಂಗಡಿಯವರ ಜೀವಾವಧಿ ಗ್ಯಾರಂಟಿಯನ್ನು ನಂಬುವುದು ಕಷ್ಟ.

ಯಾವುದಕ್ಕೆ ಗ್ಯಾರಂಟಿ ಇಲ್ಲ

ಸಾಮಾನ್ಯವಾಗಿ ಕಂಪೆನಿಗಳ ಗ್ಯಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ದುರುಪಯೋಗಕ್ಕೂ ಸಹಜವಾದ ಸವೆತಕ್ಕೂ ಅನ್ವಯಿಸುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಹಾಗಾಗಬಾರದೆಂದು ಕೆಲವು ಮಾತು:

ಸ್ಪಾನರಿನ ಹಿಡಿಗೆ ಕೊಳವೆ ತೂರಿಸಿ ಜಗ್ಗಬಾರದು. ಹಿಡಿಯ ಉದ್ದವನ್ನು ಬಾಯಿಯ ಬಲಕ್ಕೆ ಸರಿಯಾಗಿಯೇ ಇಟ್ಟಿರುತ್ತಾರೆ. ಹಾಗೆಯೇ ಅದರ ಮೇಲೆ ಸುತ್ತಿಗೆಯಿಂದ ಬಡಿಯಬಾರದು.

ಸ್ಕ್ರೂ ಸ್ಪಾನರನ್ನು ಬಳಸಲೇಬೇಕಾದಾಗ, ಬಲ ಸ್ಥಿರವಾದ ದವಡೆಯ ಮೇಲೆ ಬೀಳುವಂತೆ ಎಳೆಯಬೇಕು. ಜರುಗುವ ದವಡೆ ಅಷ್ಟು ಭಾರ ತಡೆಯದು.

ಉಪಕರಣವನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಬಾರದು. ಸಾಣೆಗೆ ಹಿಡಿದು ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಬಾರದು. ಹದ ಹೋದ ಉಕ್ಕು ಮತ್ತೆ ಹದಕ್ಕೆ ಬರುವುದಿಲ್ಲ. ಅದನ್ನು ನೋಡಿದೊಡನೆ ಕಂಪೆನಿಯವರೂ ಗ್ಯಾರಂಟಿಯನ್ನು ತಳ್ಳಿಹಾಕುತ್ತಾರೆ.

ಗಾಳಿ ಇಲ್ಲವೆ ಕರೆಂಟಿನ ಇಂಪ್ಯಾಕ್ಟ್ ಯಂತ್ರಕ್ಕೆ ಹೊಳೆಯುವ ಕ್ರೋಮ್ ಸಾಕೆಟ್ ಹಾಕಬಾರದು. ಅದಕ್ಕೆಂದೇ ಮಾಡಿದ ಕಪ್ಪು ಸಾಕೆಟ್ ಬೇರೆ ಇದೆ. ಹೊಳೆಯುವುದು ಸಿಡಿದರೆ ಹೋಗುವುದು ಬರೀ ಸಾಕೆಟ್ ಅಲ್ಲ, ಕಣ್ಣು.

ಕೊನೆಯದು, ನಮ್ಮವರಿಗೇ ವಿಶೇಷವಾದದ್ದು. ಬೋರ್ಡೋ ದ್ರಾವಣ ಮಾಡುವ ಜಾಗದಲ್ಲಿ ಉಪಕರಣಗಳನ್ನು ಬಿಡಬಾರದು. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಕ್ರೋಮ್ ಲೇಪ ಎಲ್ಲಿ ಒಡೆದಿದೆಯೋ ಅಲ್ಲಿಂದ ಒಳಗೆ ಇಳಿಯುತ್ತದೆ. ಪಂಪಿನ ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಒಣ ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದ ತುಕ್ಕೂ ದೂರ.

ಕೊಳ್ಳುವವರ ಹಕ್ಕು

ಸರಿಯಾಗಿ ಬಳಸಿದ ಉಪಕರಣ ಮುರಿದಾಗಲೂ ಅಂಗಡಿಯವರು ಕೈ ತಿರುಗಿಸಿದರೆ ಸುಮ್ಮನೆ ಮರಳಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಂಪೆನಿ ಎಲ್ಲಿಯೇ ಇರಲಿ, ದೂರುದಾರರು ತಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಾರಣ ಉಂಟಾದ 2 ವರ್ಷದೊಳಗೆ ಕೊಡಬೇಕು. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಈ ಕಾಯಿದೆ ಅನ್ವಯಿಸದಿದ್ದರೂ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲಿಕ್ಕಾಗಿಯೇ ಕೊಂಡದ್ದಕ್ಕೆ ವಿನಾಯಿತಿಯಿದೆ. ಆದ್ದರಿಂದ ಸಣ್ಣ ಮೆಕ್ಯಾನಿಕ್‌ಗಳಿಗೂ ಇದರ ಪ್ರಯೋಜನ ದೊರೆಯಬಹುದು. ಆದರೆ ಬಿಲ್ಲು ಬೇಕು. ಹತ್ತಿಪ್ಪತ್ತು ರೂಪಾಯಿ ಉಳಿಸಲು ಬಿಲ್ಲಿಲ್ಲದೆ ಕೊಂಡವರಿಗೆ ಯಾವ ಕಾಯಿದೆಯೂ ನೆರವಾಗುವುದು ಕಷ್ಟ.

ಹಾಗಿದ್ದರೂ ಒಂದು ಸ್ಪಾನರಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಕಾಫಿಯ ದಿನಗಳಲ್ಲಿ ಯಾರಿಗೂ ಅಷ್ಟು ಬಿಡುವಿಲ್ಲ. ಒಬ್ಬನೇ ಹೋಗಿ ಕೇಳಿದರೆ ಅಂಗಡಿಯವರು ನಾಳೆ ಬನ್ನಿ ಎನ್ನಬಹುದು. ಐದುನೂರು ಸದಸ್ಯರ ಪರವಾಗಿ ಕೇಳಿದರೆ ಕುರ್ಚಿ ಹಾಕುತ್ತಾರೆ. ಸಹಕಾರ ಸಂಘವಿರುವುದು ಇದಕ್ಕಾಗಿ.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ನಾವು ಇಡಲಿರುವ ಸೂಚನೆ ಹೀಗಿದೆ. ಸಂಘದ ಮಳಿಗೆಯಲ್ಲಿ ಮಾರುವ ಕೈ ಉಪಕರಣಗಳನ್ನು, ಮುರಿದದ್ದನ್ನು ಇಂತಿಷ್ಟು ದಿನಗಳಲ್ಲಿ ಬದಲಾಯಿಸಿಕೊಡುವುದಾಗಿ ಲಿಖಿತ ಒಪ್ಪಿಗೆ ಕೊಡುವ ವಿತರಕರಿಂದ ಮಾತ್ರ ಕೊಳ್ಳುವುದು. ಮಳಿಗೆಯಲ್ಲಿ ಒಂದು ಪುಸ್ತಕವಿಟ್ಟು, ಯಾವ ಕಂಪೆನಿಯ ಯಾವ ಉಪಕರಣ ಯಾವಾಗ ಕೊಂಡದ್ದು, ಯಾವಾಗ ಮತ್ತು ಹೇಗೆ ಮುರಿಯಿತು ಎಂದು ಬರೆದಿಡುವುದು. ಮೂರು ತಿಂಗಳಿಗೊಮ್ಮೆ ಮುರಿದವುಗಳನ್ನು ಒಟ್ಟುಗೂಡಿಸಿ ಸಂಘದಿಂದಲೇ ವಿತರಕರಿಗೆ ಕಳುಹಿಸುವುದು. ಎರಡು ಮೂರು ವರ್ಷದಲ್ಲಿ ಆ ಪುಸ್ತಕವೇ ಯಾವ ಕಂಪೆನಿ ಒಳ್ಳೆಯದೆಂಬ ಪ್ರಶ್ನೆಗೆ ನಮ್ಮ ತೋಟಗಳ ಅನುಭವದಿಂದಲೇ ಉತ್ತರ ಕೊಡುತ್ತದೆ.

ಸದಸ್ಯರಲ್ಲಿ ನಮ್ಮ ವಿನಂತಿ: ಮನೆಯ ಮೂಲೆಯಲ್ಲಿ ಬಿದ್ದಿರುವ ಬಾಯಿ ಅಗಲವಾದ ಸ್ಪಾನರ್, ಸೀಳಿದ ಸಾಕೆಟ್, ಅಲಗು ಹೋದ ಕಟಿಂಗ್ ಪ್ಲೇಯರ್ ಏನಿದ್ದರೂ, ಬಿಲ್ಲು ಇರಲಿ ಬಿಡಲಿ, ಮಹಾಸಭೆಗೆ ಬರುವಾಗ ತನ್ನಿ. ಪುಸ್ತಕದ ಮೊದಲ ಪುಟವನ್ನು ಅವುಗಳಿಂದಲೇ ಆರಂಭಿಸೋಣ.