ಬ್ರೌಸರ್‌ನಲ್ಲಿ ಏಳು ಪಟ್ಟಿಗಳ ಅಂಕಿಫಲಕ

ದಾಳಿಂಬೆಯಾಗಲಿ ಒಣದ್ರಾಕ್ಷಿಯಾಗಲಿ ಮಾರಾಟಕ್ಕೆ ಬಂದಾಗ ಜತ್ತ ಭಾಗದ ರೈತನ ಕಣ್ಣು ಇಂದು ನೆಡುವುದು ತೂಕದ ಯಂತ್ರದ ಕೆಂಪು ಅಂಕಿಗಳ ಮೇಲೆ. ತಕ್ಕಡಿಯ ಮುಳ್ಳನ್ನು ನೋಡುವ ಬಗೆಯನ್ನು ಹಿರಿಯರು ಹೇಳಿಕೊಡುತ್ತಿದ್ದರು. ಈ ಅಂಕಿಗಳನ್ನು ಪರೀಕ್ಷಿಸುವ ಬಗೆಯನ್ನು ಹೇಳಿಕೊಡುವವರು ವಿರಳ. ಶಾಲೆಯ ಗಣಕಯಂತ್ರದಲ್ಲಿ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಈ ಪಾಠವನ್ನು ಅಂತರ್ಜಾಲವಿಲ್ಲದೆಯೂ ಮಾಡಬಹುದು.

ಒಂದೊಂದು ಅಂಕಿಯ ಸ್ಥಾನದಲ್ಲಿ ಏಳು ಪಟ್ಟಿಗಳಿರುತ್ತವೆ. ಮೇಲಿನ ಅಡ್ಡಪಟ್ಟಿ ‘ಎ’. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬಲಕ್ಕೆ ಮೇಲೆ ‘ಬಿ’, ಬಲಕ್ಕೆ ಕೆಳಗೆ ‘ಸಿ’, ತಳದಲ್ಲಿ ‘ಡಿ’, ಎಡಕ್ಕೆ ಕೆಳಗೆ ‘ಇ’, ಎಡಕ್ಕೆ ಮೇಲೆ ‘ಎಫ್’. ನಡುವಿನ ಅಡ್ಡಪಟ್ಟಿ ‘ಜಿ’. ಉರಿಯುವ ಪಟ್ಟಿಗೆ 1, ಆರಿರುವುದಕ್ಕೆ 0 ಎಂದು ಇದೇ ಕ್ರಮದಲ್ಲಿ ಬರೆದರೆ 7 ಎಂಬ ಅಂಕಿ 1110000 ಆಗುತ್ತದೆ, 4 ಎಂಬುದು 0110011 ಆಗುತ್ತದೆ. ಏಳು ಪಟ್ಟಿಗಳಿಂದ 128 ವಿನ್ಯಾಸಗಳು ಸಾಧ್ಯ. ಅಂಕಿಗಳಿಗೆ ಬೇಕಾದವು ಹತ್ತೇ.

ಎಚ್‌ಟಿಎಂಎಲ್ ಕಡತದಲ್ಲಿ ಒಂದು ಚೌಕಟ್ಟನ್ನೂ ಅದರೊಳಗೆ ಏಳು ಆಯತಗಳನ್ನೂ ಇರಿಸಿ, ಅವುಗಳ ಸ್ಥಾನವನ್ನು ಸಿಎಸ್‌ಎಸ್‌ನಿಂದ ಗೊತ್ತುಪಡಿಸಬೇಕು. ಹತ್ತು ಅಂಕಿಗಳ ಹತ್ತು ಸಾಲುಗಳನ್ನು ಜಾವಾಸ್ಕ್ರಿಪ್ಟ್‌ನ ಪಟ್ಟಿಯಲ್ಲಿ ಬರೆದಿಟ್ಟರೆ, ಕ್ರಮವಿಧಿಯು ಬೇಕಾದ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿ 1 ಬಂದಲ್ಲಿ ಕೆಂಪು, 0 ಬಂದಲ್ಲಿ ಮಸುಕು ಬಣ್ಣ ತುಂಬುತ್ತದೆ. ಆರಿದ ಪಟ್ಟಿಯನ್ನು ಪೂರ್ಣ ಮರೆಮಾಡಬಾರದು. ಮಸುಕಾಗಿ ಕಾಣುತ್ತಿದ್ದರೇ ಅದು ಅಲ್ಲಿದೆ, ಆದರೆ ಉರಿಯುತ್ತಿಲ್ಲ ಎಂಬುದು ಮಕ್ಕಳಿಗೆ ತಿಳಿಯುತ್ತದೆ. ಪಟ್ಟಿಗಳ ತುದಿಯನ್ನು ಚೂಪಾಗಿಸುವುದು ಬರಿಯ ಅಲಂಕಾರ, ಅದಕ್ಕೆ ತರಗತಿಯ ಸಮಯ ಕೊಡಬೇಕಾಗಿಲ್ಲ.

ಪಾಠದ ತಿರುಳು ಮುಂದಿನದು. ಪ್ರತಿ ಪಟ್ಟಿಗೂ ‘ಕೆಟ್ಟಿದೆ’ ಎಂಬ ಗುಂಡಿಯನ್ನು ಸೇರಿಸಿ, ಒಂದೊಂದು ಪಟ್ಟಿಯನ್ನೇ ಕೆಡಿಸುತ್ತ 0ಯಿಂದ 9ರವರೆಗೆ ನೋಡಲು ಮಕ್ಕಳಿಗೆ ಹೇಳಬೇಕು. ‘ಎ’ ಕೆಟ್ಟರೆ 7 ಎಂಬುದು 1 ಆಗುತ್ತದೆ. ‘ಬಿ’ ಕೆಟ್ಟರೆ 8 ಎಂಬುದು 6, 9 ಎಂಬುದು 5. ‘ಇ’ ಕೆಟ್ಟರೆ 6 ಎಂಬುದು 5, 8 ಎಂಬುದು 9. ‘ಎಫ್’ ಕೆಟ್ಟರೆ 9 ಎಂಬುದು 3. ‘ಜಿ’ ಕೆಟ್ಟರೆ 8 ಎಂಬುದು 0. ‘ಸಿ’ ಅಥವಾ ‘ಡಿ’ ಕೆಟ್ಟಾಗ ಮಾತ್ರ ಒಂದು ಅಂಕಿ ಇನ್ನೊಂದರ ವೇಷ ತೊಡುವುದಿಲ್ಲ. ಮೂಡುವ ಆಕಾರವೇ ದೋಷವನ್ನು ಹೇಳಿಬಿಡುತ್ತದೆ. ಹೀಗೆ ಮೋಸಗೊಳಿಸುವ ಸಂದರ್ಭಗಳು ಒಟ್ಟು ಏಳು. ಅವುಗಳಲ್ಲಿ ಆರು ತೂಕವನ್ನು ಕಡಿಮೆ ತೋರಿಸುತ್ತವೆ, ಹೆಚ್ಚು ತೋರಿಸುವುದು ಒಂದೇ. ನಷ್ಟ ಯಾರಿಗೆ ಎಂಬ ಪ್ರಶ್ನೆಯನ್ನು ಮಕ್ಕಳೇ ಬಿಡಿಸಲಿ. ಮಾರುವವರ ಮನೆಯ ಮಕ್ಕಳಿಗೆ ಉತ್ತರ ಬೇಗ ಹೊಳೆಯುತ್ತದೆ.

2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದಂತೆ ವ್ಯಾಪಾರದ ತೂಕದ ಯಂತ್ರಕ್ಕೆ ಪರಿಶೀಲನೆಯ ಮುದ್ರೆ ಇರಬೇಕು. ಆದರೆ ಮುದ್ರೆ ಬಿದ್ದ ಮೇಲೂ ಪಟ್ಟಿ ಕೆಡಬಹುದು. ಅನೇಕ ಯಂತ್ರಗಳು ಚಾಲೂ ಮಾಡಿದೊಡನೆ ಎಲ್ಲ ಸ್ಥಾನಗಳಲ್ಲೂ 8 ತೋರಿಸುತ್ತವೆ, ಇಲ್ಲವೆ 0ಯಿಂದ 9ರವರೆಗೆ ಎಣಿಸುತ್ತವೆ. ಏಳೂ ಪಟ್ಟಿಗಳು ಉರಿಯುತ್ತಿವೆಯೇ ಎಂದು ನೋಡಲು ಅದೇ ಸಮಯ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿರೆಂದು ಸಭ್ಯವಾಗಿ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ.

ನಮ್ಮ ಮಕ್ಕಳು ಪುಸ್ತಕದಲ್ಲಿ ೧, ೨, ೩ ಎಂಬ ಅಂಕಿಗಳನ್ನೂ, ಮರಾಠಿ ಫಲಕಗಳಲ್ಲಿ ದೇವನಾಗರಿ ಅಂಕಿಗಳನ್ನೂ ಕಾಣುತ್ತಾರೆ. ಇವು ಈ ಯಂತ್ರದಲ್ಲಿ ಏಕೆ ಮೂಡುವುದಿಲ್ಲ ಎಂದು ಯಾವನಾದರೂ ಹುಡುಗ ಕೇಳಿಯೇ ಕೇಳುತ್ತಾನೆ. ನೇರ ಪಟ್ಟಿಗಳಿಂದ ಬಾಗು ಗೆರೆಗಳನ್ನು ಕಟ್ಟಲಾಗದು. ಅದಕ್ಕೆ ಬಸ್ಸಿನ ಮಾರ್ಗಫಲಕದಲ್ಲಿರುವಂತಹ ಚುಕ್ಕೆಗಳ ಜಾಲ ಬೇಕು. ಚೌಕುಳಿ ಕಾಗದದಲ್ಲಿ ೭ ಮತ್ತು ೯ನ್ನು ಚುಕ್ಕೆ ತುಂಬಿ ಬರೆಯಿಸಿ, ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಬೇಕಾದವೆಂದು ಎಣಿಸಲು ಹೇಳಿದರೆ ಮುಂದಿನ ತಾಸಿನ ಕೆಲಸ ಸಿದ್ಧ.