ಒಂದು ಕೈ, ಎರಡು ಗೆಲುವು

ಪೋಕರ್ ಬಳಗದಲ್ಲಿ ಬಡ್ಯೂಸಿ ಎಂಬ ಆಟವಿದೆ. ಒಂದೇ ಕೈಯಲ್ಲಿ ಎರಡು ಪಂದ್ಯ, ಗುಡ್ಡೆಬಿದ್ದ ಪಣ ಸಮನಾಗಿ ಎರಡು ಪಾಲು. ಸಂಭವನೀಯತೆಯ ಗಣಿತ ಮನಸ್ಸಿಗಿಳಿಯಲು ಇದು ಬಹಳ ಒಳ್ಳೆಯ ದಾರಿ. ಪಣಕ್ಕೆ ಹಣ ಬೇಡ, ಹುಣಸೆಬೀಜ ಸಾಕು.

ಎಲ್ಲರಿಗೂ ಐದೈದು ಎಲೆ ಹಂಚಬೇಕು. ಒಂದು ಸುತ್ತು ಪಣ ಕಟ್ಟಿದ ಮೇಲೆ ಬೇಡದ ಎಲೆ ಎಸೆದು ಅಷ್ಟೇ ಹೊಸ ಎಲೆ ಪಡೆಯಬಹುದು. ಹೀಗೆ ಮೂರು ಸಲ ಬದಲಾವಣೆ. ಪ್ರತಿ ಬದಲಾವಣೆಯ ನಂತರ ಮತ್ತೆ ಪಣ. ಕೊನೆಗೆ ಉಳಿದವರು ಎಲೆ ತೋರಿಸುತ್ತಾರೆ.

ಅರ್ಧ ಪಾಲು ಐದೆಲೆಯ ಅತಿ ಸಣ್ಣ ಕೈಗೆ. ಎಕ್ಕ ಇಲ್ಲಿ ದೊಡ್ಡ ಎಲೆ. ಜೋಡಿ, ಸಾಲು, ಐದೂ ಒಂದೇ ಜಾತಿ, ಇವೆಲ್ಲ ಕೈಯನ್ನು ಕೆಡಿಸುತ್ತವೆ. ಹಾಗಾಗಿ ಜಾತಿ ಬೆರೆತ 2-3-4-5-7 ಅತ್ಯುತ್ತಮ. ಉಳಿದರ್ಧ ‘ಬಡೂಗಿ’ಗೆ: ನಾಲ್ಕು ಎಲೆ, ನಾಲ್ಕೂ ಬೇರೆ ಅಂಕಿ, ನಾಲ್ಕೂ ಬೇರೆ ಜಾತಿ, ಆದಷ್ಟೂ ಸಣ್ಣವು. ಇಲ್ಲಿ 2-3-4-5 ಶ್ರೇಷ್ಠ. ಯಾರಿಗೂ ನಾಲ್ಕೆಲೆ ಕೂಡದಿದ್ದರೆ ಮೂರೆಲೆಯದೇ ಗೆಲ್ಲುತ್ತದೆ.

ಮೂವರು ತಲಾ 100 ಬೀಜ ಹಾಕಿದ್ದಾರೆ ಎನ್ನಿ. ಅರ್ಧ ಗೆದ್ದವರಿಗೆ 150, ಅಂದರೆ ಲಾಭ ಬರೀ 50. ಎರಡೂ ಪಾಲು ಬಾಚಿದರೆ ಲಾಭ 200, ನಾಲ್ಕು ಪಟ್ಟು. ಎರಡೂ ಕಡೆ ದುಡಿಯುವ ಎಲೆಗೇ ಬೆಲೆ.

ನಿಮ್ಮ ಕೈಯಲ್ಲಿ ಇಸ್ಪೀಟಿನ 2, ಆಟೀನಿನ 3, ಡೈಮಂಡಿನ 4, ಕಳಾವರದ 7, ಜೊತೆಗೊಂದು ರಾಜ ಇದೆ. ರಾಜನನ್ನು ಎಸೆಯಿರಿ. ನೀವು ಕಾಣದ 47 ಎಲೆಗಳಲ್ಲಿ ನಾಲ್ಕು 5 ಇವೆ. ಯಾವ 5 ಬಂದರೂ ಸಣ್ಣ ಕೈ ಪರಿಪೂರ್ಣ. ಬಂದದ್ದು ಕಳಾವರದ 5 ಆದರೆ ಬಡೂಗಿಯೂ ಪರಿಪೂರ್ಣ.

ಈಗ ಗಣಿತದ ತಿರುಳು. ಐದೆಲೆಯ ಕೈಗಳು ಒಟ್ಟು 25,98,960. ಹಂಚಿದ ಕೂಡಲೇ ಶ್ರೇಷ್ಠ ಸಣ್ಣ ಕೈ ಬರುವುದು 2,548 ಸಲಕ್ಕೆ ಸುಮಾರು ಒಮ್ಮೆ; ಶ್ರೇಷ್ಠ ಬಡೂಗಿ 2,256ಕ್ಕೆ ಒಮ್ಮೆ. ಎರಡೂ ಒಟ್ಟಿಗೆ ಬರುವುದು ಎಷ್ಟು ಅಪರೂಪ? ಎರಡನ್ನೂ ಗುಣಿಸಿದರೆ 57 ಲಕ್ಷಕ್ಕೆ ಒಮ್ಮೆ ಎಂಬ ಉತ್ತರ ಬರುತ್ತದೆ. ಅದು ತಪ್ಪು. ಶ್ರೇಷ್ಠ ಬಡೂಗಿ ಬಂದಾಗ 2, 3, 4, 5 ಆಗಲೇ ಕೈಯಲ್ಲಿರುತ್ತವೆ. ಐದನೆಯ ಎಲೆ ಮಿಕ್ಕ 48ರಲ್ಲಿ ಯಾವುದಾದರೊಂದು 7 ಆದರೆ ಮುಗಿಯಿತು: 12ರಲ್ಲಿ ಒಂದು ಅವಕಾಶ. ಹಾಗಾಗಿ ಸರಿಯುತ್ತರ ಸುಮಾರು 27,000ಕ್ಕೆ ಒಮ್ಮೆ. ತಪ್ಪು ಲೆಕ್ಕ 200 ಪಟ್ಟಿಗೂ ಮೀರಿ ದಾರಿ ತಪ್ಪಿಸಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಸಂಭವನೀಯತೆಯನ್ನು ಮಾತ್ರ ಹಾಗೆ ನೇರ ಗುಣಿಸಬಹುದು.

ಇದೇ ತಪ್ಪು ಇಸ್ಪೀಟಿನ ಮೇಜಿನಾಚೆ ಜೀವ ಹಿಂಡಿದ್ದುಂಟು. 1999ರಲ್ಲಿ ಇಂಗ್ಲೆಂಡಿನಲ್ಲಿ ತಾಯಿಯೊಬ್ಬಳ ಮೇಲೆ ಇಬ್ಬರು ಹಸುಗೂಸುಗಳನ್ನು ಕೊಂದ ಆರೋಪವಿತ್ತು. ಆಕೆಯದರಂಥ ಕುಟುಂಬದಲ್ಲಿ ಮಗು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಾಧ್ಯತೆ 8,543ರಲ್ಲಿ ಒಂದು, ಎರಡು ಸಾವಿಗೆ 7.3 ಕೋಟಿಯಲ್ಲಿ ಒಂದು ಎಂದು ತಜ್ಞರೊಬ್ಬರು ಗುಣಿಸಿ ಸಾಕ್ಷಿ ನುಡಿದರು. ಒಂದೇ ಮನೆಯ ಮಕ್ಕಳಿಗೆ ಹಂಚಿಬಂದಿರಬಹುದಾದ ಅನುವಂಶಿಕ, ಪರಿಸರದ ಕಾರಣಗಳನ್ನು ಲೆಕ್ಕ ಬಿಟ್ಟಿತ್ತು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಆ ಅಂಕಿಗೆ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿತು. 2003ರಲ್ಲಿ ಶಿಕ್ಷೆ ರದ್ದಾಯಿತು.

ಎರಡು ಅಪರೂಪಗಳನ್ನು ಗುಣಿಸುವ ಮೊದಲು ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತಿದೆಯೇ ಎಂದು ಕೇಳಲೇಬೇಕು. ಮಕ್ಕಳಿಗೆ ಇಷ್ಟನ್ನು ಕಲಿಸಲು ಒಂದು ಕಟ್ಟು ಇಸ್ಪೀಟು ಸಾಕು.